ಅನಾಹುತದ ಇಂಗ್ಲಿಷು ಕಲಿಸಿದ ಅಕ್ಕೋರು

ಅಕ್ಕೋರು ನನಗೆ ಕಲಿಸಿದ ಮೊದಲ ಇಂಗ್ಲಿಷ್ ವಾಕ್ಯ, ಹಾವು ಮಂಚದ ಅಡಿಗೆ ಹೋಗಿದೆ ಎಂಬುದು. ‘ಅ ಸ್ನೇಕ್ ಹ್ಯಾಜ್ ಗಾನ್ ಅಂಡರ್ ದ ಕಾಟ್.’ ನಾನು ಭಾವಿಕೇರಿಯಿಂದ ಎರಡು ಬಸ್ಸು ಹತ್ತಿಳಿದು ಕಾರವಾರದ ಹಬ್ಬುವಾಡದ ಆ ಮನೆಗೆ ಹೋದದ್ದು ಹಾವಿನ ಸಲುವಾಗಿ ಅಲ್ಲ. ಅಂಕೋಲೆಯ ಒಂದು ಲಾಡ್ಜಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಮೇಜಿನ ಹಿಂದೆ ನಿಂತು ಹೊರ ಊರಿನವರಿಗೆ ಕೋಣೆಯ ಕೀಲಿ ಕೊಡಬೇಕು, ನಗಬೇಕು, ‘ಗುಡ್ ಮಾರ್ನಿಂಗ್ ಸರ್, ವೆಲ್ಕಮ್ ಸರ್’ ಎನ್ನಬೇಕು. ಅಷ್ಟು ಕಲಿತರೆ ಸಾಕಿತ್ತು.

“ಅಕ್ಕೋರೆ, ಲಾಡ್ಜಿಗೆ ಹಾವು ಯಾಕೆ ಬತ್ತದೆ?” ಎಂದು ಕೇಳಿದೆ.

“ಬಂದ್ರೆ?” ಎಂದರು. ಕಣ್ಣು ಅಗಲವಾಗಿತ್ತು, ಆಗಲೇ ಬಂದುಬಿಟ್ಟಿದೆ ಎನ್ನುವ ಹಾಗೆ. “ಗುಡ್ ಮಾರ್ನಿಂಗ್ ಬಾರ್ದೆ ಯಾರೂ ಸತ್ತದ್ದಿಲ್ಲ ಮಾರಾಯ್ತಿ. ಹಾವು ಬಂದಾಗ ಬಾಯಿ ಕಟ್ಟಿದ್ರೆ ಸಾಯ್ತಾರೆ. ಹೇಳು ಇನ್ನೊಂದ್ಸಲ.”

ಹೀಗೆ ಶುರುವಾಯಿತು ನಮ್ಮ ಪಾಠ. ನಮ್ಮ ಕಡೆ ಪಾಠ ಹೇಳುವ ಹೆಂಗಸು ಯಾವ ಜಾತಿಯವಳಿರಲಿ, ಎಷ್ಟು ವಯಸ್ಸಿನವಳಿರಲಿ, ಅವಳು ಅಕ್ಕೋರು. ಇವರು ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ಜಗುಲಿಯಲ್ಲಿ ಚಾಪೆ ಹಾಸಿ, ಕೆಲಸಕ್ಕೆ ಹೋಗುವ ನಾಲ್ಕು ಹೆಂಗಸರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಕಳೆದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಬರೆಯುತ್ತೇನೆ ಎಂದು ಕೂತವಳಿಗೆ ಮೊದಲು ನೆನಪಾದದ್ದು ಅವರ ವಿದ್ಯೆಯಲ್ಲ, ಹೆದರಿಕೆ.

ಅಷ್ಟು ಹೆದರುವ ಜೀವವನ್ನು ನಾನು ಇನ್ನೊಂದು ನೋಡಿಲ್ಲ. ಬೀದಿಯಲ್ಲಿ ಕೈಗಾ ಅಣುಸ್ಥಾವರದ ಬಸ್ಸು ಹಾಯುವ ಹೊತ್ತು ಅವರಿಗೆ ಗೊತ್ತು. ಹತ್ತು ನಿಮಿಷ ತಡವಾದರೆ ಅಲ್ಲಿ ಏನೋ ಆಗಿದೆ ಎಂದು ಕಿಟಕಿ ಮುಚ್ಚುತ್ತಿದ್ದರು. ಬಸ್ಸು ಬಂದರೆ, ಅದರಲ್ಲಿದ್ದವರು ನಗುತ್ತಿದ್ದಾರೋ ಇಲ್ಲವೋ ಎಂದು ಕಿಟಕಿಯ ಸಂದಿಯಲ್ಲಿ ನೋಡಿ ಆಮೇಲೆ ತೆರೆಯುತ್ತಿದ್ದರು. ಅಂಕೋಲೆಯ ಕಡೆಯಿಂದ, ಗುಡ್ಡ ಕುಸಿಯುವ ರಸ್ತೆಯಲ್ಲಿ ಮಳೆಗಾಲದಲ್ಲಿ ಬಂದ ನನ್ನನ್ನು ನೋಡಿ ಮೊದಲು ಕೇಳುವುದು, “ಗುಡ್ಡ ಅಲ್ಲೇ ಅದ್ಯಾ?” ಸಮುದ್ರ ಅವರ ಮನೆಯಿಂದ ನಡೆದು ಹೋಗುವಷ್ಟೇ ದೂರ. ನನಗೆ ಗೊತ್ತಿದ್ದಂತೆ ಅವರು ನೀರಿಗೆ ಕಾಲು ತಾಗಿಸಿದವರಲ್ಲ. ಎಲ್ಲಕ್ಕಿಂತ ಹೆದರುತ್ತಿದ್ದದ್ದು ಫೋನಿಗೆ. ಅದರಲ್ಲೂ ಫೋನಿನಲ್ಲಿ ಇಂಗ್ಲಿಷು ಬಂದರೆ ಮುಗಿಯಿತು. “ಎದುರಿಗೆ ಮುಖ ಇಲ್ಲದ ಇಂಗ್ಲಿಷು ಅದು. ಬಯ್ತಾ ಇದ್ದಾನೋ ನಗ್ತಾ ಇದ್ದಾನೋ ಹ್ಯಾಂಗೆ ಗೊತ್ತಾಗುದು?” ಎನ್ನುತ್ತಿದ್ದರು. ನಲವತ್ತು ವರ್ಷ ಅದೇ ಭಾಷೆ ಕಲಿಸಿದವರು!

ಈ ಹೆದರಿಕೆಗೆ ಒಮ್ಮೆ ಕಾರಣ ಹೇಳಿದ್ದರು. ಪ್ರಾಯದಲ್ಲಿ ಅಣ್ಣನನ್ನು ದೂರದೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಅಣ್ಣನಿಗೆ ಉಸಿರು ಕಟ್ಟಿದಾಗ ನರ್ಸಿನ ಮುಂದೆ ಓಡಿ ನಿಂತರೆ, ಬಾಯಿಗೆ ಬಂದದ್ದು ‘ಬ್ರದರ್, ಬ್ರದರ್’ ಎಂಬ ಒಂದೇ ಶಬ್ದ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ಹುಡುಗಿ. ಅಣ್ಣ ಉಳಿದ, ನರ್ಸು ತಾನಾಗಿ ಎದ್ದು ಬಂದು ನೋಡಿದ್ದರಿಂದ. “ನಂಗೆ ಬಾರದ ಇಂಗ್ಲಿಷೇ ಇರ್ಲಿಲ್ಲ ಭಾವಿಕೇರಿ,” ಎಂದಿದ್ದರು. ನನ್ನನ್ನು ಊರ ಹೆಸರಿನಿಂದಲೇ ಕರೆಯುವುದು. “ಹೆದ್ರಿಕೆ ಬಂದಾಗ ಮಾತ್ರ ಒಂದೂ ಬರ್ಲಿಲ್ಲ. ಹೆದ್ರಿಕೆ ಬರೂ ಮೊದ್ಲೇ ಅದಕ್ಕೆ ವಾಕ್ಯ ತಯಾರು ಮಾಡಿ ಇಟ್ಕೊಳ್ಬೇಕು, ಮಳೆಗಾಲಕ್ಕೆ ಕಟ್ಟಿಗೆ ಇಟ್ಕೊಂಡ ಹಾಗೆ.”

ಅದಕ್ಕೇ ಅವರ ಪಾಠದ ತುಂಬ ಅನಾಹುತಗಳು. ಮಗು ಬಾವಿಗೆ ಬಿದ್ದಿದೆ: ‘ಹ್ಯಾಜ್ ಫಾಲನ್ ಇನ್‌ಟು.’ ಮುದುಕಿ ಬಸ್ಸಿನಿಂದ ಜಾರಿದ್ದಾಳೆ: ‘ಹ್ಯಾಜ್ ಸ್ಲಿಪ್ಡ್ ಫ್ರಮ್.’ ಬೆಂಕಿ ಹೆಂಚಿನ ಮಾಡಿನ ತನಕ ಹಬ್ಬಿದೆ: ‘ಹ್ಯಾಜ್ ಸ್ಪ್ರೆಡ್ ಟು.’ ಕೊನೆಯ ಸಣ್ಣ ಶಬ್ದಕ್ಕೆ ಅವರು ಬಾಲ ಎನ್ನುತ್ತಿದ್ದರು. “ಬಾಲ ಬಿಡ್ಬೇಡಿ. ಬಿದ್ದಿದೆ ಅಂದ್ರೆ ಬರುವವ ಕೈ ಬೀಸ್ಕೊಂಡು ಬತ್ತಾನೆ. ಬಾವಿ ಒಳಗೆ ಅಂದ್ರೆ ಹಗ್ಗ ತಕ್ಕೊಂಡು ಬತ್ತಾನೆ.” ‘ಹ್ಯಾಜ್’ ಯಾಕೆ ಬೇಕು ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಯಾವ ಪುಸ್ತಕದಲ್ಲೂ ಇರಲಾರದು. “ಆದದ್ದು ಆಗಿಹೋಯ್ತು, ಆದ್ರೆ ಹೆದ್ರಿಕೆ ಇನ್ನೂ ಮನೇಲೇ ಅದೆ. ಆಗ ಹ್ಯಾಜ್ ಹಾಕ್ಬೇಕು. ಹೆದ್ರಿಕೆ ಎದ್ದು ಹೋದ್ಮೇಲೆ ಹ್ಯಾಜ್ ಬೇಡ.”

ನಾವು ನಕ್ಕಿದ್ದೆವು. ನಮ್ಮೆಲ್ಲರಿಗಿಂತ ಜೋರಾಗಿ ನಕ್ಕವಳು ಗುಲಾಬಿ.

ಗುಲಾಬಿ ಕಡಲ ದಂಡೆಯ ಕೇರಿಯವಳು. ಗಂಡ ಮತ್ತು ಮೈದುನ ಸಣ್ಣ ಇಂಜಿನ್ ದೋಣಿಯಲ್ಲಿ ಮೀನಿಗೆ ಹೋಗುವವರು. ಇವಳು ಬುಟ್ಟಿ ಹೊತ್ತು, ಹೊರ ರಾಜ್ಯದಿಂದ ಕೆಲಸಕ್ಕೆ ಬಂದವರ ಮನೆಗಳಿಗೆ ಮಾರುವವಳು. ಅವರ ಜೊತೆ ಚೌಕಾಶಿಗೆ ಇಂಗ್ಲಿಷು ಬೇಕೆಂದು ಬಂದವಳು, ಬುಟ್ಟಿಯನ್ನು ಅಂಗಳದಲ್ಲಿ ಕವುಚಿ ಹಾಕಿ ಚಾಪೆಯ ತುದಿಯಲ್ಲಿ ಕೂರುತ್ತಿದ್ದಳು.

“ಹಾವು ಮಂಚದ ಅಡಿಗೆ ಹೋದ್ರೆ ನಾ ಯಾಕೆ ಇಂಗ್ಲಿಷ್ ಹೇಳ್ಲಿ ಅಕ್ಕೋರೆ? ನಮ್ಮ ಮನೆ ಹಾವಿಗೆ ಕೊಂಕಣಿ ಬತ್ತದೆ.”

“ಹಾವಿಗೆ ಅಲ್ಲವೇ, ಹಾವು ಹಿಡಿಯುವವನಿಗೆ!”

“ಅವನಿಗೂ ಕೊಂಕಣಿನೇ ಬರೂದು.”

ಇಂಥ ಗುಲಾಬಿ ಒಂದು ದಿನ ಬಾಯಿ ಮುಚ್ಚಿದಳು. ಅಂದು ಅಕ್ಕೋರು ಒಬ್ಬೊಬ್ಬರಿಗೂ ಅವರವರ ಮನೆಯದೇ ವಾಕ್ಯ ಕೊಡುತ್ತಿದ್ದರು. ಗುಲಾಬಿಗೆ ಕೊಟ್ಟದ್ದು, ನನ್ನ ಗಂಡ ಕಡಲಿಗೆ ಹೋಗಿದ್ದಾನೆ. ‘ಮಾಯ್ ಹಸ್ಬೆಂಡ್ ಹ್ಯಾಜ್ ಗಾನ್ ಟು ಸೀ.’ ಹಲಗೆಯ ಮೇಲೆ ಬರೆದು ತಿರುಗಿದರೆ, ಗುಲಾಬಿ ಸೆರಗಿನಿಂದ ಬಾಯಿ ಒತ್ತಿಕೊಂಡು ಗೋಡೆಗೆ ಸರಿದು ಕೂತಿದ್ದಾಳೆ.

“ಅದೊಂದು ಬ್ಯಾಡ ಅಕ್ಕೋರೆ. ಹೊಡೆದ್ರೂ ಹೇಳೂದಿಲ್ಲ.”

ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಎನ್ನದೆ ‘ಬರ್ತೇನೆ’ ಎನ್ನುವುದು ನಮ್ಮಲ್ಲೆಲ್ಲ ಇದ್ದದ್ದೇ. ನನ್ನ ಅಜ್ಜಿ ಗದ್ದೆಗೆ ಹೊರಟಾಗಲೂ ಹಾಗೆಯೇ ಹೇಳುತ್ತಿದ್ದಳು. ಗುಲಾಬಿಯ ಮನೆಯಲ್ಲಿ ಅದು ಇನ್ನೂ ಬಿಗಿ. ಗಂಡಸು ನೀರಿನ ಮೇಲೆ ಇರುವಷ್ಟು ಹೊತ್ತು ಹೆಂಡತಿಯ ಬಾಯಲ್ಲಿ ‘ಹೋದ’ ಎಂಬ ಮಾತು ಬರಬಾರದು. ‘ಇನ್ನೂ ಬರಲಿಲ್ಲ’ ಎನ್ನುವುದಂತೂ ಕೂಡದೇ ಕೂಡದು. ಎಲ್ಲಿ ಎಂದು ಯಾರು ಕೇಳಿದರೂ ‘ಯೆತಾ’, ಬರ್ತಾ ಇದ್ದಾರೆ, ಅಷ್ಟೇ ಉತ್ತರ. ಅವಳ ಅತ್ತೆ ಹಾಗೆ, ಅತ್ತೆಯ ಅತ್ತೆ ಹಾಗೆ.

ಬೇರೆ ಮಾಸ್ತರರಾಗಿದ್ದರೆ ಮೂಢನಂಬಿಕೆ ಎಂದು ಒಂದು ಭಾಷಣ ಬಿಗಿಯುತ್ತಿದ್ದರು. ನಮ್ಮ ಅಕ್ಕೋರು ಗುಲಾಬಿಗಿಂತ ಹೆಚ್ಚು ಹೆದರಿದರು. ಒರೆಸುವ ಬಟ್ಟೆಗೂ ಕಾಯದೆ ಅಂಗೈಯಿಂದಲೇ ಹಲಗೆ ಒರೆಸಿದರು. “ತಪ್ಪಾಯ್ತು, ತಪ್ಪಾಯ್ತು. ನೀ ಹೀಂಗೆ ಹೇಳು,” ಎಂದು ಬೇರೆ ವಾಕ್ಯ ಬರೆದರು: ‘ಮಾಯ್ ಹಸ್ಬೆಂಡ್ ಹ್ಯಾಜ್ ಕಮ್ ಬ್ಯಾಕ್ ಫ್ರಮ್ ದ ಸೀ.’ ಗಂಡ ಕಡಲಿನಿಂದ ವಾಪಸು ಬಂದಿದ್ದಾನೆ. ಗುಲಾಬಿ ಅದನ್ನು ಒಂದೂ ತೊಡಕಿಲ್ಲದೆ ಹೇಳಿದಳು. “ವೆರಿ ಗುಡ್,” ಎಂದರು ಅಕ್ಕೋರು.

ಆಮೇಲೆ ಆ ವಾಕ್ಯ ಅವಳಿಗೆ ಮಂತ್ರವೇ ಆಯಿತು. ಗಂಡ ದೋಣಿ ತಳ್ಳಿಕೊಂಡು ಹೋದ ದಿನವೆಲ್ಲ ಬಾಂಗಡೆ ಮೀನು ಕೊಯ್ಯುತ್ತ, ನೀರು ಸೇದುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದಳಂತೆ. “ದೇವರಿಗೂ ಇಂಗ್ಲಿಷ್ ಬರ್ಬೇಕಲ್ಲ ಈಗ,” ಎಂದು ನಗುತ್ತಿದ್ದಳು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿದ ಹೊಸತು. ಕಡಲು ಇನ್ನೂ ಪೂರ್ತಿ ತಣಿದಿರಲಿಲ್ಲ. ಶನಿವಾರ ಬೆಳಗಿನ ಜಾವ ನೀರಿಗಿಳಿದ ಗುಲಾಬಿಯ ಗಂಡ ಮತ್ತು ಮೈದುನ ಮಧ್ಯಾಹ್ನಕ್ಕೆ ಬರಬೇಕಿತ್ತು, ಬರಲಿಲ್ಲ. ಭಾನುವಾರ ಬೆಳಿಗ್ಗೆಯೂ ಬರಲಿಲ್ಲ. ಫೋನು ಹತ್ತುತ್ತಿಲ್ಲ. ಕೇರಿಯವರು ಕರಾವಳಿ ಕಾವಲು ಪಡೆಯ ಕಚೇರಿಗೆ ತಿಳಿಸಿದರು. ಒಂದು ಹಡಗು, ಒಂದು ಹೆಲಿಕಾಪ್ಟರು ಹೊರಟವು. ಮನೆಯವರ ನಂಬರು ಎಂದು ಕೇರಿಯವರು ಕೊಟ್ಟದ್ದು ಗುಲಾಬಿಯದು. ಕಚೇರಿಯ ಅಧಿಕಾರಿ ಎಲ್ಲೋ ದೂರದ ತೆಂಕಣದವನು. ಕನ್ನಡ ಇಲ್ಲ, ಕೊಂಕಣಿ ಇಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. “ಇಂಗ್ಲಿಷ್‌ನಲ್ಲಿ ಫೋನ್ ಮಾಡ್ತಾರೆ, ನೀ ಹೋಗಿ ನಿನ್ನ ಅಕ್ಕೋರ ಹತ್ರ ಕೂತ್ಕೋ,” ಎಂದು ಕೇರಿಯವರು ಅವಳನ್ನು ಕಳಿಸಿದರು.

ನಾನು ಅಂದು ಬೇಗ ಹೋಗಿದ್ದೆ. ಎರಡೂವರೆ ಇರಬಹುದು. ಗುಲಾಬಿ ಚಪ್ಪಲಿ ಇಲ್ಲದೆ ಓಡಿ ಬಂದು ಮೆಟ್ಟಿಲ ಮೇಲೆ ಕುಸಿದಳು. ಅಳುತ್ತಿದ್ದಳು, ಅದರ ನಡುವೆ ನಗುತ್ತಿದ್ದಳು. ದೋಣಿಯ ಸುದ್ದಿ ನಮಗೆ ಗೊತ್ತಾದದ್ದೇ ಆಗ.

“ದಾರೀಲಿ ಫೋನ್ ಬಂತು ಅಕ್ಕೋರೆ! ಕಚೇರಿದು. ಪೂರಾ ಇಂಗ್ಲಿಷ್. ಹಸ್ಬೆಂಡ್ ಅಂದ, ಸೀ ಅಂದ. ನಂಗೆ ಕೈಕಾಲು ನಡುಗ್ತು. ಆದ್ರೂ ಹೇಳ್ದೆ, ನೀವು ಕಲಿಸಿದ್ದು!”

“ಎಂತ ಹೇಳ್ದೆ?”

“ಮಾಯ್ ಹಸ್ಬೆಂಡ್ ಹ್ಯಾಜ್ ಕಮ್ ಬ್ಯಾಕ್ ಫ್ರಮ್ ದ ಸೀ.”

ಅಕ್ಕೋರ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ.

“ಅವ ಎಂತ ಅಂದ?”

“ಆರ್ ಯು ಶೂರ್ ಅಂದ. ಎಸ್ ಸರ್ ಅಂದೆ. ವೆರಿ ಗುಡ್ ಮೇಡಂ ಅಂದ. ಇಟ್ಟ.” ಕಣ್ಣೊರೆಸಿಕೊಂಡು ಅಕ್ಕೋರನ್ನು ನೋಡಿದಳು. “ಸರಿಯಾಗಿ ಹೇಳಿದ್ನಲ್ಲ? ಅವ್ರು ನೀರ ಮೇಲೆ ಇರ್ವಾಗ ಬಂದ ಅಂತ್ಲೇ ಹೇಳ್ಬೇಕಲ್ಲ?”

ಅವಳು ಅದನ್ನು ಉತ್ತರವೆಂದು ಹೇಳಿರಲಿಲ್ಲ, ಹರಕೆಯಂತೆ ಹೇಳಿದ್ದಳು. ಅತ್ತ ಕೇಳಿಸಿಕೊಂಡವನಿಗೆ ಅದೆಲ್ಲಿ ಗೊತ್ತು? ಗಂಡ ಮನೆಗೆ ಬಂದ ಎಂದು ಹೆಂಡತಿಯೇ ಹೇಳಿದ ಮೇಲೆ ಹುಡುಕುವವರು ಹುಡುಕುವುದು ಯಾರನ್ನು?

ಅಕ್ಕೋರು ಒಂದು ಕ್ಷಣ ಕಂಬ ಹಿಡಿದು ನಿಂತರು. ಆಮೇಲೆ ಹೇಳಿದರು, ಯಾವತ್ತಿನ ದನಿಯಲ್ಲಿ: “ಸರಿಯಾಗೇ ಹೇಳಿದ್ದಿ. ಒಳಗೆ ಹೋಗಿ ಮೂರು ಲೋಟ ಚಾ ಇಡು. ನಿನ್ನ ಫೋನ್ ಇಲ್ಲಿ ಕೊಡು, ಮತ್ತೆ ಬಂದ್ರೆ ನಾ ಮಾತಾಡ್ತೆ.” ಗುಲಾಬಿ ಒಳಗೆ ಹೋದದ್ದೇ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಬಚ್ಚಲುಮನೆಯ ಬಾಗಿಲು ಹಾಕಿ ಚಿಲಕ ಜಡಿದರು. ಇಬ್ಬರು ಹೆಂಗಸರು ಹಂಡೆಯ ಪಕ್ಕದಲ್ಲಿ, ಮಬ್ಬು ಬೆಳಕಿನಲ್ಲಿ. ಆಡಲೇಬೇಕಾದ ಮಾತು ಗುಲಾಬಿಯ ಕಿವಿಗೆ ಬೀಳಬಾರದು.

ಗುಲಾಬಿಯ ಫೋನಿನಲ್ಲಿ ಕಚೇರಿಯ ನಂಬರು ಹುಡುಕಿ ಒತ್ತಿಕೊಟ್ಟದ್ದು ನಾನು. ಗಂಟೆ ಬಾರಿಸುತ್ತಿರುವಾಗ ಅವರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ದೇವರ ನಾಮ ಎಂದುಕೊಂಡೆ. ಅಲ್ಲ, ವಾಕ್ಯ ಜೋಡಿಸುತ್ತಿದ್ದರು.

“ಸರ್,” ಎಂದರು. ಅಲ್ಲಿಗೆ ನಿಂತಿತು. ಅತ್ತಲಿಂದ ಹಲೋ, ಹಲೋ. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಸೀರೆಯೆಲ್ಲ ಬೆವರಿನಿಂದ ಒದ್ದೆ. ಇಟ್ಟುಬಿಡುತ್ತಾನೆ, ಈಗ ಇಟ್ಟುಬಿಡುತ್ತಾನೆ ಅನಿಸಿತು.

“ಸರ್, ಹಿ ಹ್ಯಾಜ್ ನಾಟ್ ಕಮ್ ಬ್ಯಾಕ್ ಫ್ರಮ್ ದ ಸೀ.”

ಹೆಂಡತಿಯೇ ಹೇಳಿದಳಲ್ಲ ಎಂದ ಆತ. ತಪ್ಪು ನನ್ನದು, ನಾನು ಅವಳ ಟೀಚರು, ನಾನು ಕಲಿಸಿದ್ದನ್ನು ಅವಳು ಹೇಳಿದಳು ಎಂದರು ಇವರು, ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಹೆಕ್ಕಿ. ಅತ್ತಲಿಂದ ಬಂದ ಮಾತು ನನ್ನಂಥವಳಿಗೂ ತಿಳಿಯುವಷ್ಟು ನಿಧಾನ ಇತ್ತು. ಹುಡುಕಾಟ ನಿಲ್ಲಿಸಿ ಅರ್ಧ ಗಂಟೆಯಾಯಿತು, ಹೆಲಿಕಾಪ್ಟರು ಹಿಂದೆ ಬಂದಿದೆ, ಮತ್ತೆ ಕಳಿಸುತ್ತೇವೆ, ಆದರೆ ಬೆಳಕು ಇರುವ ತನಕ ಮಾತ್ರ.

ಚಿಲಕ ತೆಗೆಯುವ ಮೊದಲು ಅಕ್ಕೋರು ಹಂಡೆಯ ನೀರಿನಿಂದ ಮುಖ ತೊಳೆದರು. “ಅವಳಿಗೆ ಹೇಳಬಾರ್ದು,” ಎಂದರು. “ಇವತ್ತು ಅಂತ ಅಲ್ಲ. ಯಾವತ್ತೂ.”

ಆ ಸಂಜೆಯಷ್ಟು ಉದ್ದದ ಸಂಜೆಯನ್ನು ನಾನು ಕಂಡಿಲ್ಲ. ಭಯಪಡಬೇಕಾದವಳು ಒಬ್ಬಳೇ ನೆಮ್ಮದಿಯಿಂದ ಇದ್ದಳು. ಕಚೇರಿಯವ ವೆರಿ ಗುಡ್ ಅಂದಿದ್ದಾನಲ್ಲ! ಚಾ ಕುಡಿದಳು, ನಮಗೆ ಕುಡಿಸಿದಳು, ಕಾಂಪೌಂಡಿನ ಮೇಲೆ ಕೂತ ಕಾಗೆ ಯಾವ ದಿಕ್ಕಿಗೆ ಕೂಗಿತು ಎಂದು ಶಕುನ ನೋಡಿದಳು. ಅವಳ ಒಂದೊಂದು ಮಾತಿಗೂ ನನಗೆ ಜೀವ ಹೋಗಿ ಬರುತ್ತಿತ್ತು. ಅಕ್ಕೋರು ಮಾತ್ರ ಎದುರು ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತಿದ್ದರು. ಬಿಸಿಲು ಒಂದೊಂದೇ ಕಲ್ಲು ಮೇಲಕ್ಕೆ ಏರಿದ ಹಾಗೆ ಅವರ ಉಸಿರೂ ಮೇಲಕ್ಕೆ ಏರುತ್ತಿತ್ತು. ಬಿಸಿಲು ಗೋಡೆಯ ತುದಿ ಮುಟ್ಟಿತು. ಗೋಡೆ ಬಿಟ್ಟು ತೆಂಗಿನ ಗರಿಗೆ ಹೋಯಿತು.

ಫೋನು ಬಂತು.

ಅದನ್ನು ಎತ್ತಲು ನಾನು ಕೈ ಚಾಚಲಿಲ್ಲ. ಅಕ್ಕೋರೇ ಎತ್ತಿದರು. ಕೇಳಿದರು. “ಬೋತ್?” ಎಂದರು. “ಸರ್, ಪ್ಲೀಸ್, ಒನ್ಸ್ ಮೋರ್. ಬೋತ್?” ಮತ್ತೊಮ್ಮೆ ಕೇಳಿಸಿಕೊಂಡು ಜಗುಲಿಯ ನೆಲದ ಮೇಲೆ ಕೂತುಬಿಟ್ಟರು. ಗುಲಾಬಿಯ ಕಡೆ ನೋಡಿ ಹೇಳಿದ್ದು ಇಷ್ಟೇ: “ಬಂದ್ರು.”

ಗುಲಾಬಿ ಅವರ ಕಾಲಿಗೆ ಬಿದ್ದಳು. ಅಕ್ಕೋರು ಕಾಲು ಹಿಂದೆ ಎಳೆದುಕೊಂಡರು, ಬಿಸಿ ತಾಗಿದವರ ಹಾಗೆ.

ಅದರ ಮುಂದಿನ ಭಾನುವಾರ ಪಾಠ ಮುಗಿದು ಉಳಿದವರು ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಗುಲಾಬಿಯ ಗಂಡ ವಾರದ ನಡುವೆ ಮೀನು ಹಿಡಿದುಕೊಂಡು ಬಂದಿದ್ದನಂತೆ, ಉಪಕಾರ ಹೇಳಲಿಕ್ಕೆ. “ಅವ ನೋಡಿದ್ದಾನೆ, ಭಾವಿಕೇರಿ,” ಎಂದರು. “ಮಧ್ಯಾಹ್ನ ಹೆಲಿಕಾಪ್ಟರ್ ಹತ್ರ ಬರೂದು ಕಂಡಿತ್ತಂತೆ. ಅಂಗಿ ಬಿಚ್ಚಿ ಬೀಸಿದ್ರಂತೆ, ಇಬ್ರೂ. ಇನ್ನೊಂಚೂರು ಬಂದಿದ್ರೆ ಕಾಣ್ತಿತ್ತು. ಅಷ್ಟರಲ್ಲಿ ತಿರುಗಿ ಹೋಯ್ತಂತೆ. ಆ ಮೇಲಿನ ಮೂರ್ನಾಲ್ಕು ತಾಸು ಅವನ ತಮ್ಮ ಒಂದು ಮಾತೂ ಆಡ್ಲಿಲ್ಲ ಅಂದ.” “ಅದು ಯಾಕೆ ಹೋಯ್ತು ಅಂತ ನನ್ನ ಕೇಳ್ದ,” ಎಂದರು. ತಾವು ಏನು ಹೇಳಿದಿರಿ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಪಾಠ ನಿಲ್ಲಿಸಿದರೆ ಗುಲಾಬಿಗೆ ಸಂಶಯ ಬರುತ್ತದೆ ಎಂದು ನಿಲ್ಲಿಸಲಿಲ್ಲ. ಆದರೆ ಅವಳಿಗೆ ದಪ್ಪ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು, ಪ್ಲಾಸ್ಟಿಕ್ ಹಾಕಿಸಿ ಕೊಟ್ಟರು. “ಕಚೇರಿಯಿಂದ ಫೋನ್ ಬಂದ್ರೆ ನೀ ಮಾತಾಡ್ಬೇಡ. ಇಂಗ್ಲಿಷ್ ಓದುವವರ ಕೈಗೆ ಇದನ್ನ ಕೊಡು, ಅವರು ಹೇಳ್ಲಿ. ನೀ ಬಾಯಲ್ಲಿ ಆಡೂದೇ ಬೇಡ.” ಅದರಲ್ಲಿ ಇದ್ದದ್ದು ಅವಳು ಯಾವತ್ತೂ ಆಡಲಾರದ ಮಾತೇ, ‘ಹ್ಯಾಜ್ ನಾಟ್ ಕಮ್ ಬ್ಯಾಕ್.’ ಅವಳು ಅದನ್ನು ತಾಯಿತದ ಹಾಗೆ ಸಂಚಿಯಲ್ಲಿ ಇಟ್ಟುಕೊಂಡಳು, ಓದಿಸಿ ಕೇಳಲಿಲ್ಲ.

ಆಮೇಲೆ ಎರಡು ವರ್ಷ ಅಕ್ಕೋರು ಬದುಕಿದ್ದರು. ಕಡಲ ಕಡೆಯಿಂದ ಹೆಲಿಕಾಪ್ಟರಿನ ಸದ್ದು ಬಂದರೆ ಪಾಠ ನಿಲ್ಲಿಸಿ, ಅದು ಪೂರ್ತಿ ದೂರ ಹೋಗುವ ತನಕ ಸೀಮೆಸುಣ್ಣ ಹಿಡಿದು ನಿಂತಿರುತ್ತಿದ್ದರು. ಗುಲಾಬಿ ಅದಕ್ಕೂ ನಗುತ್ತಿದ್ದಳು. “ಅಕ್ಕೋರಿಗೆ ಈಗ ಆಕಾಶದ ಹೆದ್ರಿಕೆನೂ ಹಿಡೀತು!”

ಮೊನ್ನೆ ಹನ್ನೆರಡನೆಯ ದಿನದ ಊಟಕ್ಕೆ ಹಬ್ಬುವಾಡಕ್ಕೆ ಹೋಗಿದ್ದೆ. ಗುಲಾಬಿ ಬಡಿಸುವವರ ಸಾಲಿನಲ್ಲಿದ್ದಳು. ಬಡಿಸುತ್ತ ಎಲ್ಲರಿಗೂ ಹೇಳುತ್ತಿದ್ದಳು: “ಅಕ್ಕೋರು ಕಲಿಸಿದ ಒಂದು ಮಾತಿಂದ ನನ್ನ ಗಂಡ ಉಳ್ದ. ನಾ ಫೋನಲ್ಲಿ ಬಂದ ಅಂದೆ, ಬಂದೇ ಬಂದ್ರು. ಇವಳನ್ನ ಕೇಳಿ, ಇವಳು ಇಲ್ಲೇ ಇದ್ಲು. ಅಲ್ದಾ?”

“ಹೌದು,” ಎಂದೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವಳ ಗಂಡ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ಮಾತು ಕಡಿಮೆಯ ಮನುಷ್ಯ. ನನ್ನ ಕೈಗೆ ನೀರು ಹಾಕುತ್ತ ಕೇಳಿದ: “ತಂಗಿ, ಅವತ್ತು ಹೆಲಿಕಾಪ್ಟರ್ ಅಷ್ಟು ಹತ್ರ ಬಂದು ಯಾಕೆ ತಿರುಗಿ ಹೋಯ್ತು? ನಿಂಗೆ ಗೊತ್ತಾ?”

ಗೊತ್ತಿರುವವಳು ಈಗ ನಾನೊಬ್ಬಳೇ. “ಎಣ್ಣೆ ಮುಗಿದಿರ್ಬೇಕು ಅಣ್ಣಾ,” ಎಂದೆ. “ತುಂಬಿಸ್ಕೊಳ್ಳುಕೆ ಹೋಗಿರ್ಬೇಕು.”

ಅವನು ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟ. “ಅಕ್ಕೋರು ಮೋಡ ಅಡ್ಡ ಬಂತು ಅಂದಿದ್ರು.”

ಚಪ್ಪರದ ಕಡೆಯಿಂದ ಗುಲಾಬಿಯ ದನಿ ಕೇಳುತ್ತಿತ್ತು. ಯಾರಿಗೋ ಒತ್ತಾಯ ಮಾಡಿ ಪಾಯಸ ಬಡಿಸುತ್ತಿದ್ದಳು. ತಾನು ಫೋನಿನಲ್ಲಿ ಆಡಿದ ಇಂಗ್ಲಿಷನ್ನು ಅವರಿಗೂ ಆಡಿ ತೋರಿಸುತ್ತಿದ್ದಳು, ಒಂದೂ ಶಬ್ದ ತಪ್ಪದೆ. ಅವನಿಗೆ ಇಂಗ್ಲಿಷು ಬರುವುದಿಲ್ಲ. ಆದರೆ ‘ಬಂದ’ ಎಂದು ಹೇಳಿದೆ ಎಂದು ಅವಳು ಕನ್ನಡದಲ್ಲೂ ಕೊಂಕಣಿಯಲ್ಲೂ ಎರಡು ವರ್ಷದಿಂದ ಹೇಳುತ್ತಲೇ ಇದ್ದಾಳೆ.

ಅವನು ಆ ಕಡೆಗೇ ಬಹಳ ಹೊತ್ತು ನೋಡುತ್ತ ನಿಂತ.

“ಮೋಡ ಇರ್ಲಿಲ್ಲ, ತಂಗಿ,” ಎಂದ ಮೆಲ್ಲಗೆ. “ಬೋಳು ಬಿಸಿಲು.” ಹೆಗಲ ಮೇಲಿನ ಪಂಚೆ ತೆಗೆದು ನನ್ನ ಕೈಗೆ ಒರೆಸಿಕೊಳ್ಳಲು ಕೊಟ್ಟ. “ಅವಳು ಯಾವತ್ತಾದ್ರೂ ಕೇಳಿದ್ರೆ ನೀ ಎಣ್ಣೆ ಅನ್ಬೇಡ. ಮೋಡ ಅಂತ್ಲೇ ಹೇಳು. ನಾನೂ ಅವಳಿಗೆ ಮೋಡ ಅಂತ್ಲೇ ಹೇಳಿದ್ದೆ.”